ಬ್ರಾಂಚ್ ಇಲ್ಲದ ಎಂಜಿನಿಯರಿಂಗ್

‘ಎಂಜಿನಿಯರಿಂಗ್ ಸರಿ, ಯಾವ ಬ್ರಾಂಚ್?’ ಪಿಯುಸಿ ಮುಗಿಸಿದ ನಮ್ಮ ಮಕ್ಕಳಿಗೆ ಎದುರಾಗುವ ಈ ಪ್ರಶ್ನೆಗೆ ಅಮೆರಿಕದ ಹಾರ್ವೆ ಮಡ್ ಕಾಲೇಜಿನಲ್ಲಿ ಜಾಗವೇ ಇಲ್ಲ. ಲಾಸ್ ಏಂಜಲೀಸ್ ಸಮೀಪದ ಕ್ಲೇರ್‌ಮಾಂಟ್‌ನಲ್ಲಿರುವ ಈ ಕಾಲೇಜಿನ ಎಂಜಿನಿಯರಿಂಗ್ ಪದವಿಯಲ್ಲಿ ಸಿವಿಲ್, ಮೆಕ್ಯಾನಿಕಲ್, ಎಲೆಕ್ಟ್ರಿಕಲ್ ಎಂಬ ಗೋಡೆಗಳಿಲ್ಲ. ಓದುವುದು ಎಂಜಿನಿಯರಿಂಗೋ, ಗಣಿತವೋ, ಭೌತವಿಜ್ಞಾನವೋ ಎಂಬುದನ್ನೂ ಎರಡನೇ ವರ್ಷ ಮುಗಿಯುವ ಹೊತ್ತಿಗೆ ತಿಳಿಸಿದರೆ ಸಾಕು. 1955ರಲ್ಲಿ ಸ್ಥಾಪನೆಯಾದ ಈ ಕಾಲೇಜಿನಲ್ಲಿ ಇರುವವರು ಸುಮಾರು 900 ವಿದ್ಯಾರ್ಥಿಗಳು. ಅವರೆಲ್ಲರೂ ವಿಜ್ಞಾನದ ಜೊತೆಗೆ ಸಾಹಿತ್ಯ, ಇತಿಹಾಸ, ಅರ್ಥಶಾಸ್ತ್ರ, ಕಲೆಯಂಥ ವಿಷಯಗಳನ್ನೂ ಓದಲೇಬೇಕು.

ಇಂಥವನ್ನು ಲಿಬರಲ್ ಆರ್ಟ್ಸ್ ಕಾಲೇಜುಗಳು ಎನ್ನುತ್ತಾರೆ. ಪದವಿ ವಿದ್ಯಾರ್ಥಿಗಳಿಗಾಗಿಯೇ ಇರುವ, ಚಿಕ್ಕ ತರಗತಿಗಳ, ಹಾಸ್ಟೆಲ್ ಬದುಕಿನ ಸಂಸ್ಥೆಗಳಿವು. ಇಲ್ಲಿ ಎಂಜಿನಿಯರಿಂಗ್ ಕಲಿಸುವುದು ಈಚಿನ ಪ್ರಯೋಗವೇನಲ್ಲ. ನ್ಯೂಯಾರ್ಕ್ ರಾಜ್ಯದ ಯೂನಿಯನ್ ಕಾಲೇಜು 1845ರಲ್ಲೇ ಆರಂಭಿಸಿತ್ತು. ಪೆನ್ಸಿಲ್ವೇನಿಯಾದ ಲಫಾಯೆಟ್ ಕಾಲೇಜು 1866ರಲ್ಲಿ ಕೈಹಾಕಿತು. ಮಹಿಳಾ ಕಾಲೇಜಾದ ಸ್ಮಿತ್ 1999ರಲ್ಲಿ ಕಾರ್ಯಕ್ರಮ ರೂಪಿಸಿತು. ಅದರ ಮೊದಲ ಎಂಜಿನಿಯರ್‌ಗಳು 2004ರಲ್ಲಿ ಪದವಿ ಪಡೆದರು.

ಕಥೆ, ಕಾವ್ಯ, ಇತಿಹಾಸ ಓದುತ್ತಾ ಕೂತರೆ ಎಂಜಿನಿಯರಿಂಗ್ ಕಲಿಯುವುದು ಯಾವಾಗ ಎಂಬ ಅನುಮಾನ ಸಹಜ. ಉತ್ತರ ಮಾನ್ಯತೆಯ ನಿಯಮದಲ್ಲೇ ಇದೆ. ಅಮೆರಿಕದಲ್ಲಿ ಎಂಜಿನಿಯರಿಂಗ್ ಪದವಿಗಳಿಗೆ ಮಾನ್ಯತೆ ನೀಡುವ ಅಬೆಟ್ ಸಂಸ್ಥೆ ಗಣಿತ ಮತ್ತು ಮೂಲ ವಿಜ್ಞಾನಕ್ಕೆ ಕನಿಷ್ಠ 30 ಸೆಮಿಸ್ಟರ್ ಕ್ರೆಡಿಟ್, ಎಂಜಿನಿಯರಿಂಗ್ ವಿಷಯಗಳಿಗೆ ಕನಿಷ್ಠ 45 ಕ್ರೆಡಿಟ್ ಬೇಕೆನ್ನುತ್ತದೆ. ದೊಡ್ಡ ವಿಶ್ವವಿದ್ಯಾಲಯಕ್ಕೂ ಇದೇ ಅಳತೆ, ಪುಟ್ಟ ಕಾಲೇಜಿಗೂ ಇದೇ ಅಳತೆ. ಫಿಲಡೆಲ್ಫಿಯಾ ಬಳಿಯ ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಪದವಿಗೆ ಬೇಕಾದ 32 ಕ್ರೆಡಿಟ್‌ಗಳಲ್ಲಿ (ಅಲ್ಲಿ ಸಾಮಾನ್ಯವಾಗಿ ಒಂದು ಇಡೀ ಕೋರ್ಸಿಗೆ ಒಂದು ಕ್ರೆಡಿಟ್) 12 ಎಂಜಿನಿಯರಿಂಗ್‌ಗೆ, 8 ಗಣಿತ-ವಿಜ್ಞಾನಕ್ಕೆ. ಉಳಿದದ್ದರಲ್ಲಿ ತತ್ವಶಾಸ್ತ್ರ ಓದಬಹುದು, ಸಂಗೀತ ಕಲಿಯಬಹುದು. ಅಡಿಪಾಯಕ್ಕೆ ಎಲ್ಲೂ ಕತ್ತರಿ ಬಿದ್ದಿಲ್ಲ. ಕಡಿಮೆಯಾಗಿರುವುದು ಒಂದೇ ಬ್ರಾಂಚಿನ ಆಳದ ವಿಷಯಗಳು. ವೈಮಾನಿಕ ಎಂಜಿನಿಯರಿಂಗ್‌ನಂಥ ವಿಶೇಷ ಕ್ಷೇತ್ರವೇ ಬೇಕೆನ್ನುವವರು ಸ್ನಾತಕೋತ್ತರ ಪದವಿಗೆ ಬೇರೆಡೆ ಹೋಗಬೇಕಾಗುತ್ತದೆ. ಇದು ನಿಜವಾದ ಕೊರತೆ, ಮುಚ್ಚಿಡಬೇಕಾಗಿಲ್ಲ.

ಆದರೆ ಅಗಲದಿಂದ ಏನು ಸಿಗುತ್ತದೆ ಎಂಬುದನ್ನೂ ನೋಡಬೇಕು. ಹಾರ್ವೆ ಮಡ್‌ನ ಆರಂಭಿಕ ವಿನ್ಯಾಸ ಕೋರ್ಸಿನಲ್ಲಿ ವಿದ್ಯಾರ್ಥಿಗಳು ವರ್ಕ್‌ಶಾಪಿಗೆ ಇಳಿದು, ಲೇತ್ ಮುಂದೆ ನಿಂತು, ಸುತ್ತಿಗೆ, ಸ್ಕ್ರೂಡ್ರೈವರ್‌ಗಳನ್ನು ತಾವೇ ತಯಾರಿಸುತ್ತಾರೆ. ‘ಇ–80’ ಎಂಬ ಪ್ರಾಯೋಗಿಕ ಕೋರ್ಸಿನಲ್ಲಿ ತಂಡಗಳು ಪುಟ್ಟ ಸ್ವಯಂಚಾಲಿತ ಜಲರೋಬೊಗಳನ್ನು ಕಟ್ಟುತ್ತವೆ. ನೀರು ಒಳನುಗ್ಗದ ಕವಚ ಮೆಕ್ಯಾನಿಕಲ್‌ನವರ ಕೆಲಸ, ಸೆನ್ಸರ್‌ಗಳ ಸರ್ಕ್ಯೂಟ್ ಎಲೆಕ್ಟ್ರಾನಿಕ್ಸ್‌ನವರದು, ದಾರಿ ಹಿಡಿದು ಸಾಗಿಸುವ ಪ್ರೋಗ್ರಾಂ ಕಂಪ್ಯೂಟರ್‌ನವರದು ಎಂದು ಹಂಚಿಹಾಕಲು ಅಲ್ಲಿ ಬ್ರಾಂಚುಗಳಿಲ್ಲ. ನೀರಿಗಿಳಿದ ಯಂತ್ರ ತಪ್ಪು ಅಂಕಿ ಕೊಟ್ಟರೆ ದೋಷ ಬೆಸುಗೆಯಲ್ಲಿದೆಯೋ, ಕೋಡ್‌ನಲ್ಲಿದೆಯೋ, ತೇಲುವಿಕೆಯ ಲೆಕ್ಕದಲ್ಲಿದೆಯೋ ಎಂದು ಆ ಹುಡುಗ ಹುಡುಗಿಯರೇ ಹುಡುಕಬೇಕು. ಮುಂದೆ ‘ಕ್ಲಿನಿಕ್’ ಎಂಬ ಘಟ್ಟ. 1963ರಿಂದ ನಡೆದುಬಂದಿರುವ ಈ ವ್ಯವಸ್ಥೆಯಲ್ಲಿ ಕಂಪನಿಗಳು ಶುಲ್ಕ ಕೊಟ್ಟು ತಮ್ಮ ನಿಜವಾದ ಸಮಸ್ಯೆಯನ್ನು ವಿದ್ಯಾರ್ಥಿ ತಂಡಕ್ಕೆ ಒಪ್ಪಿಸುತ್ತವೆ. ತಂಡ ಇಡೀ ಶೈಕ್ಷಣಿಕ ವರ್ಷ ಅದರ ಮೇಲೆ ದುಡಿದು ಉತ್ತರ ಒಪ್ಪಿಸಬೇಕು. ನಮ್ಮಲ್ಲಿ ಕೊನೆಯ ವರ್ಷದ ಪ್ರಾಜೆಕ್ಟನ್ನು ಅಂಗಡಿಯಿಂದ ದುಡ್ಡು ಕೊಟ್ಟು ತರುವ ಚಾಳಿ ಬಲ್ಲವರಿಗೆ ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ವಿವರಿಸಬೇಕಿಲ್ಲ.

ತಡವಾಗಿ ಆಯ್ಕೆ ಮಾಡುವ ಅವಕಾಶಕ್ಕೆ ಇನ್ನೊಂದು ಮುಖವಿದೆ. 2014ರಲ್ಲಿ ಹಾರ್ವೆ ಮಡ್‌ನಿಂದ ಹೊರಬಂದ ಎಂಜಿನಿಯರ್‌ಗಳಲ್ಲಿ ಮಹಿಳೆಯರೇ ಹೆಚ್ಚಿದ್ದರು. ಸಂಶೋಧನಾ ವಿಶ್ವವಿದ್ಯಾಲಯವಾದರೂ ಲಿಬರಲ್ ಆರ್ಟ್ಸ್ ಪರಂಪರೆಯನ್ನು ಬಿಡದ ಡಾರ್ಟ್‌ಮತ್‌ನಲ್ಲಿ 2016ರಲ್ಲಿ ಇದೇ ಆಯಿತು. ಇದಕ್ಕೆ ಕಾರಣ ಹಲವು. ಆದರೂ ಶಾಲೆಯಲ್ಲಿದ್ದಾಗ ‘ನಾನು ಎಂಜಿನಿಯರ್ ಆಗುತ್ತೇನೆ’ ಎಂದುಕೊಳ್ಳದ ಹುಡುಗಿಯೂ ಕಾಲೇಜಿಗೆ ಬಂದಮೇಲೆ ಒಂದು ಕೋರ್ಸ್ ಓದಿ ನೋಡಿ ಮನಸ್ಸು ಬದಲಿಸಲು ಅಲ್ಲಿ ದಾರಿ ತೆರೆದಿರುತ್ತದೆ ಎಂಬುದು ಸಣ್ಣ ಸಂಗತಿಯಲ್ಲ.

ಎಲ್ಲ ಲಿಬರಲ್ ಆರ್ಟ್ಸ್ ಕಾಲೇಜುಗಳಲ್ಲೂ ಎಂಜಿನಿಯರಿಂಗ್ ಇಲ್ಲ. ಇಲ್ಲದ ಕಡೆ ‘3–2’ ಯೋಜನೆಯನ್ನು ಮುಂದಿಡುತ್ತಾರೆ: ಮೂರು ವರ್ಷ ಇಲ್ಲಿ, ಎರಡು ವರ್ಷ ಕೊಲಂಬಿಯಾದಂಥ ದೊಡ್ಡ ವಿಶ್ವವಿದ್ಯಾಲಯದಲ್ಲಿ, ಕೊನೆಗೆ ಎರಡು ಪದವಿ. ಕೇಳಲು ಸೊಗಸು. ಆದರೆ ಐದನೇ ವರ್ಷದ ಖರ್ಚು ಹೆಗಲೇರುತ್ತದೆ, ಎರಡನೇ ಸಂಸ್ಥೆಯಲ್ಲಿ ಅಷ್ಟೇ ಆರ್ಥಿಕ ನೆರವು ಸಿಗುವ ಖಾತರಿಯಿಲ್ಲ, ಗೆಳೆಯರೆಲ್ಲ ಕೊನೆಯ ವರ್ಷಕ್ಕೆ ಕಾಲಿಡುವಾಗ ಊರು ಬಿಡಬೇಕು. ಕ್ಯಾಂಪಸ್ಸಿನಲ್ಲೇ ಮಾನ್ಯತೆಯುಳ್ಳ ಪದವಿ ಇರುವ ಕಾಲೇಜೇ ಮೇಲು.

ಮಕ್ಕಳನ್ನು ಕಳಿಸುವ ಯೋಚನೆಯಲ್ಲಿರುವ ಕನ್ನಡ ಕುಟುಂಬಗಳು ಎರಡು ಸಂಗತಿ ತಿಳಿದಿರಬೇಕು. ಹಾರ್ವೆ ಮಡ್‌ನಂಥ ಕಡೆ ವರ್ಷಕ್ಕೆ ಒಟ್ಟು ವೆಚ್ಚ 80 ಸಾವಿರ ಡಾಲರ್ ದಾಟುತ್ತದೆ; ನೆರವಿಲ್ಲದೆ ಮಧ್ಯಮ ವರ್ಗಕ್ಕೆ ಎಟುಕುವ ಮಾತಲ್ಲ. ಜೊತೆಗೆ, ನಮ್ಮ ಸಾರ್ವಜನಿಕ ಉದ್ದಿಮೆಗಳ ನೇಮಕಾತಿ ಪ್ರಕಟಣೆಗಳು ಬ್ರಾಂಚಿನ ಹೆಸರನ್ನೇ ಕೇಳುತ್ತವೆ. ಬ್ರಾಂಚ್ ನಮೂದಿಲ್ಲದ ಪದವಿ ಹಿಡಿದು ಮರಳಿದವರಿಗೆ ಅಲ್ಲಿ ತೊಡಕಾದೀತು.

ಡಾಲರಿನ ಹಂಗಿಲ್ಲದೆ ನಾವು ತೆಗೆದುಕೊಳ್ಳಬಹುದಾದದ್ದೂ ಇದೆ. ಸಿಇಟಿ ಆಪ್ಷನ್ ಎಂಟ್ರಿಯ ದಿನಗಳಲ್ಲಿ ಹದಿನೇಳರ ಮಕ್ಕಳು, ಒಂದು ಬೋಲ್ಟ್ ಕೂಡ ತಿರುಗಿಸದೆ, ಮುಂದಿನ ನಲವತ್ತು ವರ್ಷಗಳ ವೃತ್ತಿಯನ್ನು ರ‍್ಯಾಂಕ್ ನೋಡಿ ಗುರುತು ಹಾಕುತ್ತಾರೆ. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ (ವಿಟಿಯು) ಪಠ್ಯಕ್ರಮದಲ್ಲಿ ‘ಸಾಂಸ್ಕೃತಿಕ ಕನ್ನಡ’ಕ್ಕೆ ಸಿಕ್ಕಿರುವುದು ಒಂದು ಕ್ರೆಡಿಟ್. ಐಐಟಿಗಳೂ ಸೇರಿದಂತೆ ಎಂಜಿನಿಯರಿಂಗ್ ಸಂಸ್ಥೆಗಳು ಕಲೆ ಮತ್ತು ಮಾನವಿಕಗಳತ್ತ ಹೊರಳಬೇಕೆಂದು 2020ರ ರಾಷ್ಟ್ರೀಯ ಶಿಕ್ಷಣ ನೀತಿ ಹೇಳಿದ್ದರೂ, ಅಖಿಲ ಭಾರತ ತಾಂತ್ರಿಕ ಶಿಕ್ಷಣ ಮಂಡಳಿ (ಎಐಸಿಟಿಇ) ಸೀಟುಗಳಿಗೆ ಅನುಮೋದನೆ ಕೊಡುವುದು ಬ್ರಾಂಚ್‌ವಾರು ಲೆಕ್ಕದಲ್ಲೇ. ಈ ಲೆಕ್ಕ ಸಡಿಲವಾಗಬೇಕು. ರಾಜ್ಯ ಸರ್ಕಾರ ಮತ್ತು ವಿಟಿಯು ಮನಸ್ಸು ಮಾಡಿ, ಕೆಲವು ಸ್ವಾಯತ್ತ ಕಾಲೇಜುಗಳಲ್ಲಾದರೂ ಬ್ರಾಂಚ್ ಆಯ್ಕೆಯನ್ನು ಮೊದಲ ವರ್ಷ ಮುಗಿದ ಮೇಲೆ ಮಾಡುವ ಪ್ರಯೋಗಕ್ಕೆ ಎಐಸಿಟಿಇಯಿಂದ ಅನುಮತಿ ಪಡೆಯಲಿ.