ಹಿಡಿದವರು ಒಬ್ಬರು, ಉಂಡವರು ಊರೆಲ್ಲ

ಮೊನ್ನೆ ಮೆಸ್ಸಿನಲ್ಲಿ ಊಟ ಮಾಡ್ತಾ ನಾವು ನಾಲ್ಕೈದು ಜನ ಒಂದು ವಿಡಿಯೋ ನೋಡಿದ್ವಿ. ಉತ್ತರ ಕೆನಡಾದ ಇನುಯಿಟ್ ಜನರ ಒಂದು ಊರು. ಹೆಪ್ಪುಗಟ್ಟಿದ ಕೆರೆಯ ಮೇಲೆ ಮೀನು ಹಿಡಿಯುವ ಸ್ಪರ್ಧೆ, ಆಮೇಲೆ ಊರಿಗೆಲ್ಲ ಊಟ. ಹಸಿ ಮೀನನ್ನು ಕೊಯ್ದು ತಿನ್ನೋದು ನೋಡಿ ಒಬ್ಬ "ಅಯ್ಯಪ್ಪಾ!" ಅಂತ ತಟ್ಟೆ ಸರಿಸಿದ. ಇನ್ನೊಬ್ಬ "ಒಂದು ಸೋನಾರ್ ಬಿಟ್ರೆ ಮೀನೆಲ್ಲಿದೆ ಅಂತ ಐದು ನಿಮಿಷದಲ್ಲಿ ಗೊತ್ತಾಗುತ್ತೆ, ಅಷ್ಟೊತ್ತು ಯಾಕೆ ಕಾಯ್ಬೇಕು?" ಅಂದ. ಆವತ್ತು ನಾವೂ ನಕ್ವಿ. ಆಮೇಲೆ ಅದರ ಬಗ್ಗೆ ಓದಿದಾಗ, ಇಬ್ಬರ ಕಣ್ಣಿಗೂ ಮುಖ್ಯವಾದದ್ದೇ ಬಿದ್ದಿಲ್ಲ ಅನ್ನಿಸಿತು.

ಇನುಯಿಟ್ ಜನರೇ ಬಹುಸಂಖ್ಯಾತರಾಗಿರುವ ನುನಾವುಟ್ ಪ್ರಾಂತ್ಯ ಹುಟ್ಟಿದ್ದು 1999ರ ಏಪ್ರಿಲ್ 1ರಂದು. ಅಲ್ಲಿರೋದು 25 ಊರು. ಊರಿಂದೂರಿಗೆ ರಸ್ತೆಯಿಲ್ಲ, ಸಾಮಾನು ಬರೋದು ವಿಮಾನದಲ್ಲಿ, ಇಲ್ಲವೇ ಬೇಸಿಗೆಯಲ್ಲಿ ಹಡಗಿನಲ್ಲಿ. ರಾಜಧಾನಿಯ ಹೆಸರು ಇಕಾಲುಯಿಟ್. ಹಾಗಂದ್ರೆ 'ಬಹಳ ಮೀನುಗಳಿರುವ ಜಾಗ'. ಒಬ್ಬ ಇಂಗ್ಲಿಷ್ ನಾವಿಕನ ಹೆಸರನ್ನು ಹೊತ್ತಿದ್ದ ಆ ಊರು 1987ರಲ್ಲಿ ತನ್ನ ಹಳೆಯ ಹೆಸರಿಗೆ ಮರಳಿತು.

ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು ಬಂದಿರುತ್ತೆ, ಮಂಜುಗಡ್ಡೆ ಇನ್ನೂ ದಪ್ಪ ಇರುತ್ತೆ. ಆಗ ಅಜ್ಜಿಯಿಂದ ಮೊಮ್ಮಕ್ಕಳ ತನಕ ಇಡೀ ಮನೆಯವರು ಸ್ನೋಮೊಬೈಲಿಗೆ ಜಾರುಬಂಡಿ ಕಟ್ಟಿಕೊಂಡು ಕೆರೆಗೆ ಹೊರಡ್ತಾರೆ. ಮಂಜುಗಡ್ಡೆಯಲ್ಲಿ ತೂತು ಕೊರೆದು, ದಾರ ಇಳಿಬಿಟ್ಟು, ಮೇಲೆ ಕೆಳಗೆ ಆಡಿಸ್ತಾ ಕೂರೋದು. ಸಿಕ್ಕ ಆರ್ಕ್ಟಿಕ್ ಚಾರ್ ಮೀನನ್ನು ಅಳತೆಗೆ ತರಬೇಕು. ಉದ್ದದ ಮೀನಿಗೆ ಬಹುಮಾನ. ಇಷ್ಟೇ ರೂಲ್ಸು.

ಊಟಕ್ಕೆ ಸಮುದಾಯ ಭವನದ ನೆಲದ ಮೇಲೆ ರಟ್ಟು, ಪ್ಲಾಸ್ಟಿಕ್ ಹಾಸ್ತಾರೆ. ಹೆಪ್ಪುಗಟ್ಟಿದ ಮೀನು, ಕ್ಯಾರಿಬೂ, ಸೀಲ್ ಮಾಂಸ ಎಲ್ಲ ಅಲ್ಲೇ. ಅರ್ಧಚಂದ್ರದಂಥ ಉಲು ಎಂಬ ಕತ್ತಿಯಿಂದ ಕೊಯ್ದುಕೊಂಡು ತಿನ್ನೋದು. ಬಹುಮಾನ ಒಬ್ಬರಿಗೆ, ಊಟ ಎಲ್ಲರಿಗೂ. ಬರಿಗೈಲಿ ಬಂದವರಿಗೂ ಅಷ್ಟೇ ಪಾಲು.

ಇದರ ಹಿಂದೆ ಒಂದು ಹಳೆಯ ಪದ್ಧತಿಯಿದೆ. ಮಗು ತನ್ನ ಜೀವನದ ಮೊದಲ ಬೇಟೆಯನ್ನು ಮನೆಗೆ ಇಟ್ಟುಕೊಳ್ಳೋದಿಲ್ಲ, ಹಿರಿಯರಿಗೆ, ಊರಿನವರಿಗೆ ಹಂಚುತ್ತೆ. ಹಂಚಿದ ಮೇಲೇ ಅದು ಸಂಭ್ರಮ. ನಾವು ಮೊದಲ ರ‍್ಯಾಂಕ್ ಬಂದ ದಿನ ಏನು ಮಾಡ್ತೀವಿ, ಯೋಚಿಸಿ. ಸ್ಟೇಟಸ್ ಹಾಕ್ತೀವಿ. ನೋಟ್ಸ್ ಮಾತ್ರ ಯಾರಿಗೂ ಕೊಡಲ್ಲ.

"ಹಂಚೋದೆಲ್ಲ ಚಂದ, ಆದ್ರೆ ಇದು ಬರೀ ಹಬ್ಬದ ಮಾತಲ್ವಾ?" ಅಂತ ಕೇಳಬಹುದು. ಅಲ್ಲ. ಅಲ್ಲಿನ ಅಂಗಡಿಗಳಲ್ಲಿ ಹಾಲು, ತರಕಾರಿಯ ಬೆಲೆ ಕೇಳಿದ್ರೆ ತಲೆ ತಿರುಗುತ್ತೆ. 2007-08ರ ಆರೋಗ್ಯ ಸಮೀಕ್ಷೆಯಲ್ಲಿ, ನುನಾವುಟ್‌ನ ಶಾಲೆಗೆ ಸೇರದ ಪುಟ್ಟ ಇನುಯಿಟ್ ಮಕ್ಕಳಲ್ಲಿ ಸುಮಾರು 70% ಮಂದಿ ಊಟಕ್ಕೆ ಭದ್ರತೆಯಿಲ್ಲದ ಮನೆಗಳಲ್ಲಿದ್ದರು. ಬೇಟೆಗೆ ಹೋಗೋಣ ಅಂದ್ರೆ ಸ್ನೋಮೊಬೈಲು, ಪೆಟ್ರೋಲು ಎಲ್ಲದಕ್ಕೂ ದುಡ್ಡು ಬೇಕು. ಹೋಗಲಾಗದ ಮನೆಗೆ ಹೋದವರ ಮೀನೇ ಗತಿ.

ಹಾಗಾದ್ರೆ ಇಂಜಿನಿಯರಿಗೆ ಅಲ್ಲಿ ಕೆಲಸವೇ ಇಲ್ವಾ? ಇದೆ. ಹವಾಮಾನ ಬಿಸಿಯಾಗ್ತಾ ಸಮುದ್ರದ ಮಂಜುಗಡ್ಡೆಯನ್ನು ನಂಬೋದು ಕಷ್ಟವಾಗಿದೆ. ಹಿರಿಯರ ಅನುಭವಕ್ಕೂ ಅದು ಒಮ್ಮೊಮ್ಮೆ ಕೈಕೊಡುತ್ತೆ. ಲ್ಯಾಬ್ರಡಾರ್‌ನ ಇನುಯಿಟ್ ಸರ್ಕಾರ ಮತ್ತು ಮೆಮೋರಿಯಲ್ ವಿಶ್ವವಿದ್ಯಾಲಯದವರು ಸೇರಿ ಶುರುಮಾಡಿದ 'ಸ್ಮಾರ್ಟ್‌ಐಸ್' ಇದಕ್ಕಾಗಿಯೇ ಇದೆ. ಮಂಜುಗಡ್ಡೆಯೊಳಗೆ ನೆಟ್ಟ ಸೆನ್ಸರ್, ಜಾರುಬಂಡಿಯಲ್ಲಿ ಎಳೆದೊಯ್ಯುವ ಸೆನ್ಸರ್ ಎರಡೂ ದಪ್ಪ ಅಳೆಯುತ್ತವೆ. ಅವನ್ನು ನಡೆಸೋದು ಆಯಾ ಊರಿನವರೇ. ಯಾವ ದಾರಿ ಅಳೀಬೇಕು ಅನ್ನೋದೂ ಊರಿನ ತೀರ್ಮಾನ.

ನಮ್ಮ ಗೆಳೆಯನ ಸೋನಾರ್ ಒಬ್ಬನನ್ನು ಬೇಗ ಗೆಲ್ಲಿಸುತ್ತಿತ್ತು. ಈ ಸೆನ್ಸರ್ ಹೋದವರೆಲ್ಲ ಮನೆಗೆ ಬರೋ ಹಾಗೆ ನೋಡಿಕೊಳ್ಳುತ್ತೆ. ಎರಡೂ ಇಂಜಿನಿಯರಿಂಗೇ. ಆದ್ರೆ ಪ್ರಾಜೆಕ್ಟ್ ಟಾಪಿಕ್ ಆರಿಸುವಾಗ ನಾವು ಕೇಳಬೇಕಾದ ಪ್ರಶ್ನೆ ಇವೆರಡರ ಮಧ್ಯೆ ಇದೆ ಅಂತ ನಮ್ಮ ಅನಿಸಿಕೆ.

ಸ್ಪರ್ಧೆ ಬೇಡ ಅಂತ ನಾವು ಹೇಳ್ತಿಲ್ಲ. ಉದ್ದದ ಮೀನಿಗೆ ಬಹುಮಾನ ಇರಲಿ, ಗೆದ್ದವರು ಕುಣೀಲಿ. ಮುಂದಿನ ಹ್ಯಾಕಥಾನ್ ಮುಗಿದ ಮೇಲೆ ಗೆದ್ದ ತಂಡದವರು ಟ್ರೋಫಿ ಹಿಡಿದು ಫೋಟೋ ತೆಗೆಸಿಕೊಂಡು ಹೊರಟುಬಿಡದೆ, ತಮ್ಮ ಕೋಡ್ ತೆರೆದಿಟ್ಟು ಸೋತವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಲಿ. ಟ್ರೋಫಿ ಅವರ ರೂಮಿನಲ್ಲೇ ಇರಲಿ, ಮೀನು ಎಲ್ಲರಿಗೂ ಸಿಗಲಿ.