ಹಿತ್ತಲಿಗೆ ಕಾಂಕ್ರೀಟ್ ಹಾಕಿಸೋ ಮುಂಚೆ ಒಂದು ಚಳಿಗಾಲ ನೋಡ್ರಿ

ಹೋದ ವರ್ಷ ಶೀಗಿ ಹುಣ್ಣಿಮೆ ಹೊತ್ತಿಗೆ ಜಮಖಂಡಿಯ ನಮ್ಮ ಮನೆಯಲ್ಲಿ ಒಂದು ಜಗಳ ಶುರುವಾಯಿತು. ಕಾರು ನಿಲ್ಲಿಸಲು ಜಾಗವಿಲ್ಲ ಅನ್ನೋ ಗೊಣಗಾಟ ಮೊದಲಿನಿಂದಲೂ ಇತ್ತು. ಆ ದಿನ ನಮ್ಮ ಮನೆಯವರು ಗೌಂಡಿಯನ್ನೇ ಕರೆತಂದು ಹಿತ್ತಲು ಅಳತೆ ಮಾಡಿಸಿದರು. "ಅಲ್ಲೇನೈತಿ? ಎರಡು ಗಿಡ, ಒಂದು ಬಳ್ಳಿ, ಉಳಿದದ್ದೆಲ್ಲಾ ಕಸ. ಕಾಂಕ್ರೀಟ್ ಹಾಕಿದ್ರ ನಿನಗೂ ಕಸಾ ಹೊಡಿಯೋದು ತಪ್ಪತೈತಿ" ಅಂದರು.

ಖರೇ ಹೇಳಬೇಕೆಂದರೆ ನಾನೂ ಹೂಂ ಅನ್ನುವವಳೇ ಇದ್ದೆ. ಎರೆಮಣ್ಣಿನ ಹಿತ್ತಲಿನ ಕಷ್ಟ ಅದನ್ನು ಇಟ್ಟುಕೊಂಡವರಿಗೇ ಗೊತ್ತು. ಮಳೆ ಬಂದರೆ ಚಪ್ಪಲಿ ಎತ್ತಿ ಇಡೋದಕ್ಕಾಗದಷ್ಟು ಕೆಸರು ಮೆತ್ತುತ್ತದೆ! ಆದರೆ ನಮ್ಮ ಅತ್ತೆ, "ಸಂಕ್ರಮಣದ ತನಕ ತಡಿಯವ್ವಾ. ಆಮ್ಯಾಲೆ ನಿನಗೇ ಬ್ಯಾಡಾತಂದ್ರ ಹಾಕಸು" ಅಂದರು. ಹೀಗಾಗಿ ದಿನಾ ಬೆಳಿಗ್ಗೆ ಚಹಾದ ಕಪ್ಪು ಹಿಡಿದು ಹತ್ತು ನಿಮಿಷ ಹಿತ್ತಲಲ್ಲಿ ನಿಲ್ಲೋದು ರೂಢಿಯಾಯಿತು.

ಮೊದಲು ಕಣ್ಣಿಗೆ ಬಿದ್ದದ್ದು ಸೇವಂತಿಗೆ. ಒಂದೇ ಗಿಡದ ಸಸಿಯಿಂದ ಎರಡು ಕುಂಡ ಮಾಡಿದ್ದೆ. ಬಚ್ಚಲ ಗೋಡೆಯ ಮರೆಯಲ್ಲಿದ್ದದ್ದು ದೀಪಾವಳಿ ಹೊತ್ತಿಗೆ ಮೊಗ್ಗು ಕಟ್ಟಿತು. ಕಾಂಪೌಂಡ್ ಮೂಲೆಯಲ್ಲಿ ಬೀದಿದೀಪದ ಕೆಳಗಿದ್ದದ್ದು ಬರೀ ಎಲೆ. ಗೊಬ್ಬರ ಕಡಿಮೆಯಾಯಿತೇನೋ ಎಂದು ಹಿಂಡಿ ಹಾಕಿದೆ, ಊಹೂಂ. ಆಮೇಲೆ ತಿಳಿಯಿತು, ಸೇವಂತಿಗೆ ಹೂ ಬಿಡಲು ಉದ್ದನೆಯ ಕತ್ತಲೆ ಬೇಕು. ರಾತ್ರಿಯಿಡೀ ದೀಪ ಉರಿದರೆ ಆ ಗಿಡಕ್ಕೆ ಇನ್ನೂ ಬೇಸಿಗೆಯೇ! ಹೂವಿನ ಬೆಳೆಗಾರರು ಹೂ ತಡವಾಗಿ ಬರಲಿ ಎಂದು ಬೇಕಂತಲೇ ರಾತ್ರಿ ಬಲ್ಬು ಹಾಕುತ್ತಾರಂತೆ. ಕುಂಡವನ್ನು ಕತ್ತಲಿಗೆ ಸರಿಸಿದೆ. ನಾಲ್ಕು ವಾರಕ್ಕೆ ಮೊಗ್ಗು ಬಂತು. ನಾಡ ಅವರೆಯದೂ ಇದೇ ಸ್ವಭಾವ. ಜೂನ್‌ನಲ್ಲಿ ಹಾಕಿದ ಬಳ್ಳಿ ದಸರೆಯಾದರೂ ಹೂ ಬಿಡಲಿಲ್ಲವೆಂದು ಬಾಜೂ ಮನೆಯ ವೈನಿ ಕಿತ್ತು ಒಗೆಯಲು ಹೊರಟಿದ್ದರು. "ಇನ್ನ ಹದಿನೈದು ದಿನಾ ತಡೀರಿ" ಎಂದು ತಡೆದೆ. ನಮ್ಮ ಕಡೆ ಡಿಸೆಂಬರ್ 21-22ರ ಹಗಲು ಹನ್ನೊಂದು ತಾಸಿಗೆ ತುಸು ಹೆಚ್ಚು ಅಷ್ಟೇ. ಬೇಸಿಗೆಯ ದೊಡ್ಡ ಹಗಲಿಗಿಂತ ಸುಮಾರು ಎರಡು ತಾಸು ಕಡಿಮೆ. ಟಿವಿ ಮುಂದೆ ಕೂತ ನಮಗೆ ಈ ಲೆಕ್ಕ ತಿಳಿಯುವುದೇ ಇಲ್ಲ, ಅಲ್ಲವೇ?

ಇನ್ನು ಕರಿಬೇವು. ಚಳಿ ಬಿದ್ದೊಡನೆ ಅದರ ಎಲೆ ಹಳದಿಯಾಗಿ ಉದುರುತ್ತದೆ, ಹೊಸ ಚಿಗುರು ನಿಲ್ಲುತ್ತದೆ. ನಾವು ಗಾಬರಿಯಾಗಿ ಬಕೆಟ್‌ಗಟ್ಟಲೆ ನೀರು ಸುರಿಯುತ್ತೇವೆ. ಗಿಡ ಸಾಯುವುದು ಚಳಿಗಲ್ಲ, ಹೆಚ್ಚಾದ ನೀರಿಗೆ ಬೇರು ಕೊಳೆತು! ಎರೆಮಣ್ಣು ಮೇಲೆ ಬಿರುಕು ಬಿಟ್ಟರೂ ಒಳಗೆ ಹಸಿ ಹಿಡಿದಿಟ್ಟುಕೊಂಡಿರುತ್ತದೆ. ಊರ ಹೊರಗೆ ಹೋಗಿ ನೋಡಿ, ಹಿಂಗಾರಿ ಬಿಳಿಜೋಳ, ಕಡಲೆ, ಕುಸುಬಿ ಎಲ್ಲಾ ಆ ಹಸಿಯ ಮೇಲೇ ಬರುತ್ತವೆ. ಬೆರಳು ಹಾಕಿ ನೋಡಿ, ಎರಡು ಇಂಚು ಕೆಳಗೆ ತಂಪಿದ್ದರೆ ಆ ದಿನ ನೀರು ಬೇಡ. ಅವರೆಗೆ ಹೇನು ಬಿದ್ದರೂ ಕೂಡಲೇ ಔಷಧಿ ಹೊಡೆಯಬೇಡಿ. ಗುಲಗಂಜಿ ಹುಳ ಬಂದಿದೆಯೋ ಇಲ್ಲವೋ ನೋಡಿ. ಹೇನು ತಿನ್ನುವ ಕೆಲಸ ಅದರದು.

ಮುಧೋಳದಲ್ಲಿರೋ ನನ್ನ ತಂಗಿ ಕಬ್ಬಿನ ಸುಗ್ಗಿ ಬಂತೆಂದರೆ ಫೋನಿನಲ್ಲಿ ಅದೇ ಮಾತು. "ಹೊಲದಾಗ ರವದಿ ಸುಡತಾರ, ಒಣಾ ಹಾಕಿದ ಅರಬಿ ತುಂಬಾ ಕರಿ ನೋಡಕ್ಕ" ಎನ್ನುತ್ತಾಳೆ. ಅದೇ ಅವಳು ಹಿತ್ತಲಿನ ಒಣಗಿದೆಲೆ ಗುಡಿಸಿ ಕಡ್ಡಿ ಗೀರುತ್ತಾಳೆ! ನಾನೂ ಮಾಡುತ್ತಿದ್ದೆ, ಸುಳ್ಳೇಕೆ. ಈಗ ಆ ಎಲೆಯನ್ನೇ ದಾಳಿಂಬೆ ಬುಡಕ್ಕೆ ಹಾಸುತ್ತೇನೆ. ಮಣ್ಣು ಬೇಗ ಬಿರಿಯುವುದಿಲ್ಲ, ಕಸ ಎತ್ತಿ ಒಯ್ಯುವ ಕೆಲಸವೂ ಇಲ್ಲ.

ಜಾಗವಿಲ್ಲ ಎನ್ನುವವರು ಬನಹಟ್ಟಿಯ ನನ್ನ ಗೆಳತಿಯನ್ನು ನೋಡಬೇಕು. ಮನೆ ತುಂಬಾ ಮಗ್ಗ, ದಿನವಿಡೀ ಕಂಡಿಕೆ ಸುತ್ತುವ ಕೆಲಸ. ಮಾಳಿಗೆ ಮೇಲೆ ಎಣ್ಣೆ ಡಬ್ಬಿಗಳಲ್ಲಿ ಮೆಂತೆ, ಕೊತ್ತಂಬರಿ, ಹಕ್ಕರಿಕೆ ಬೆಳೆಯುತ್ತಾಳೆ. ಈ ಪಲ್ಲೆಗಳಿಗೆ ಚಳಿಯೇ ಕಾಲ. ಎಳ್ಳ ಅಮಾವಾಸ್ಯೆಗೆ ಸಜ್ಜಿ ರೊಟ್ಟಿ ಜೊತೆ ಅವಳ ಹಕ್ಕರಿಕೆ ತಿಂದವರಿಗೆ ಗೊತ್ತು ಅದರ ರುಚಿ.

ಆದರೆ ನನ್ನ ಮನಸ್ಸು ನಿಜವಾಗಿ ಬದಲಾದದ್ದು ಬೀಳಗಿಯ ಕಡೆಯ ನಮ್ಮ ದೊಡ್ಡಮ್ಮನ ಮಾತಿನಿಂದ. ಆಲಮಟ್ಟಿ ಹಿನ್ನೀರಿಗೆ ಊರು ಹೋಗಿ ಪುನರ್ವಸತಿ ಕೇಂದ್ರದ ಮನೆಗೆ ಬಂದವರು ಅವರು. ನಮ್ಮ ಹಿತ್ತಲ ಪೇರಲ ಗಿಡದ ಕೆಳಗೆ ಕೂತು, "ಮನೀಗೆ ರೊಕ್ಕಾ ಕೊಟ್ರು, ಗಿಡಕ್ಕೂ ಲೆಕ್ಕಾ ಹಾಕಿದ್ರು. ಮುಂಜಾನಿ ಎದ್ದು ನಿಲ್ಲೋ ಜಾಗಕ್ಕ ಯಾರೂ ಏನೂ ಕೊಡಲಿಲ್ಲ ನೋಡ ಮಗಾ" ಅಂದರು. ಅವರ ಹಿತ್ತಲು ನೀರಿಗೆ ಹೋಯಿತು. ನಾನು ನನ್ನದನ್ನು ಕೈಯಾರೆ ಸಿಮೆಂಟಿಗೆ ಕೊಡಲು ಹೊರಟಿದ್ದೆ.

ಅಷ್ಟಕ್ಕೂ ಎರೆಮಣ್ಣಿನ ಮೇಲೆ ಹಾಕಿದ ಕಾಂಕ್ರೀಟ್ ಎಷ್ಟು ದಿನ ನೆಟ್ಟಗಿರುತ್ತದೆ? ಮಳೆಗಾಲದಲ್ಲಿ ಮಣ್ಣು ಉಬ್ಬುತ್ತದೆ, ಚಳಿಗಾಲ ಕಳೆಯುವಾಗ ಕುಗ್ಗುತ್ತದೆ. ಆಳಕ್ಕೆ ತೋಡಿ ಗರಸು ತುಂಬದಿದ್ದರೆ ಸೀಳು ಬಿಡುವುದೇ. ನಮ್ಮ ಓಣಿಯಲ್ಲೇ ಎರಡು ಮನೆಯಲ್ಲಿ ಹಾಗಾಗಿದೆ. ಗೌಂಡಿಯನ್ನು ಕರೆಸುವವರು ಮೊದಲು ಇದನ್ನು ಕೇಳಿ.

ಸಂಕ್ರಮಣ ಮುಗಿದ ಮೇಲೆ ನಮ್ಮ ಗೌಂಡಿ ಮತ್ತೆ ಬಂದ. ಕಾರಿನ ಗಾಲಿ ಹೋಗುವಷ್ಟು ಅಗಲದ ಎರಡು ಪಟ್ಟಿ ಫರಸಿ ಮಾತ್ರ ಹಾಕಿಸಿದ್ದೇವೆ. ನಡುವಿನ ಮಣ್ಣು, ಬದಿಯ ಗಿಡ ಎಲ್ಲಾ ಹಾಗೇ ಇವೆ. ನುಗ್ಗೆ ಎಲೆ ಕಾರಿನ ಮೇಲೆ ಉದುರುತ್ತದೆ ಎಂದು ನಮ್ಮ ಮನೆಯವರ ಗೊಣಗಾಟ ಈಗಲೂ ನಿಂತಿಲ್ಲ. ಈ ಸಲ ಕಾರಿಗೆ ಒಂದು ಕವರ್ ತರಿಸಿದ್ದೇನೆ.