ಬಂಡೆ ಹತ್ತುವ ಪುಟ್ಟ ಜೀಪು

ರೇಡಿಯೋ ಮೂಲಕ ನಡೆಸುವ, ಬಂಡೆ ಹತ್ತುವ ಆಟದ ಜೀಪು ಮನೆಗೆ ಬಂದ ವಾರದೊಳಗೆ ಅದರ ಶಾಕ್ ಅಬ್ಸಾರ್ಬರುಗಳನ್ನು ಬದಲಿಸುವ ಹುಚ್ಚು ಹಿಡಿಯುತ್ತದೆ. ನಮಗೂ ಹಿಡಿದಿತ್ತು. ಮೊದಲಿದ್ದವು 90 ಮಿಲಿಮೀಟರಿನವು. ನಾವು ಆರಿಸಿದ್ದು ಥಳಥಳಿಸುವ ಅಲ್ಯೂಮಿನಿಯಮ್ಮಿನ 110 ಮಿಲಿಮೀಟರಿನವು. ಜೀಪೇನೋ ಗತ್ತಿನಿಂದ ಎತ್ತರವಾಗಿ ನಿಂತಿತು. ಮೊದಲನೆಯ ಅಡ್ಡ ಇಳಿಜಾರಿನಲ್ಲೇ ಅಂಗಾತ ಬಿತ್ತು. ನಮ್ಮ ಕಿರಿಯ ಮಗ ಮಾತಾಡಲಿಲ್ಲ. ಕೂಡಿಟ್ಟ ಹಣ ಅವನದು, ಆಯ್ಕೆ ನಮ್ಮದು.

ಶಾಕ್ ಅಬ್ಸಾರ್ಬರು ಉದ್ದವಾದಷ್ಟೂ ಬಂಡಿಯ ಭಾರ ಮೇಲಕ್ಕೇರುತ್ತದೆ. ನಿಜವಾದ ಜೀಪಿನ ಹತ್ತನೆಯ ಒಂದಂಶದ ಅಳತೆಯ ಬಂಡಿಗಳಿಗೆ ಸಾಮಾನ್ಯವಾಗಿ 90ರಿಂದ 100 ಮಿಲಿಮೀಟರು ಸಾಕು. ಕೊಳ್ಳುವ ಮುನ್ನ ಮೇಲಿನ ತೂತಿನ ನಡುವಿನಿಂದ ಕೆಳಗಿನ ತೂತಿನ ನಡುವಿಗೆ ಅಳೆದುಕೊಳ್ಳಿರಿ.

ಸ್ಪ್ರಿಂಗು ಮೆತ್ತಗಿರಲಿ. ಇದು ಓಟದ ಕಾರಲ್ಲ. ಒಂದು ಗಾಲಿ ಕಲ್ಲನ್ನೇರುವಾಗ ಇನ್ನೊಂದು ಹಳ್ಳಕ್ಕಿಳಿದು ನೆಲ ಹಿಡಿಯಬೇಕು. ಹಾಗಾಗಬೇಕಾದರೆ, ಬ್ಯಾಟರಿ ಸಹಿತ ನಿಲ್ಲಿಸಿದಾಗ ಬಂಡಿ ತನ್ನ ಭಾರಕ್ಕೇ ತುಸು ಕುಸಿದಿರಬೇಕು. ಪೂರ್ತಿ ಸೆಟೆದು ನಿಂತರೆ ಗಾಲಿಗೆ ಕೆಳಗಿಳಿಯಲು ಜಾಗವೇ ಇರದು.

ಒಳಗಿನ ಸಿಲಿಕೋನ್ ಎಣ್ಣೆ ತೀರ ತೆಳುವಾದರೆ ಬಂಡಿ ತೊನೆಯುತ್ತದೆ, ಮಂದವಾದರೆ ಗಾಲಿ ನೆಲ ಮುಟ್ಟಲು ತಡಮಾಡುತ್ತದೆ. ಸೀಸೆಯ ಮೇಲೆ 30 ವೇಟ್ ಎಂದಿರುವುದರಿಂದ ಆರಂಭಿಸಬಹುದು. ತುಂಬಿದ ಮೇಲೆ ಪಿಸ್ಟನ್ನನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳೆಲ್ಲ ಹೋಗುವವರೆಗೆ ಕಾಯಿರಿ. ಈ ಕೆಲಸ ಅಡಿಗೆಮನೆಯ ಕಟ್ಟೆಯ ಮೇಲೆ ಬೇಡ. ಮುಂದಿನ ಮಾತುಕತೆಗೆ ನಾವು ಹೊಣೆಯಲ್ಲ.

ಕೊನೆಗೆ ಹಳೆಯ 90ರವನ್ನೇ ತೊಡಿಸಿ ಎಣ್ಣೆ ಮಾತ್ರ ಬದಲಿಸಿದೆವು. ಅದೇ ಇಳಿಜಾರನ್ನು ಜೀಪು ದಾಟಿತು. ಥಳಥಳಿಸುವವು ಡಬ್ಬಿಯಲ್ಲಿವೆ, ಅವುಗಳ ಬೆಲೆಯನ್ನು ಮಗನಿಗೆ ಎರಡು ಕಂತಿನಲ್ಲಿ ತೀರಿಸಿದ್ದೇವೆ.